ಪರಿಚಯ ಭಾಷಣದ ಹಿಂದಿನ ಕೆಸರು

ಕುಮಟೆಯ ಕಾಲೇಜೊಂದರ ಸಭಾಂಗಣ. ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದ ಅಬ್ಬರಕ್ಕೆ ಮೈಕಿನ ಮಾತು ಅರ್ಧ ಕೇಳುತ್ತಿತ್ತು, ಇನ್ನರ್ಧವನ್ನು ನಾವೇ ಊಹಿಸಿಕೊಳ್ಳಬೇಕಿತ್ತು. ವೇದಿಕೆಯ ಮೇಲೆ ವಿಶ್ವವಿದ್ಯಾಲಯವೊಂದರ ಸೂಕ್ಷ್ಮಜೀವಿಶಾಸ್ತ್ರ ಪ್ರಾಧ್ಯಾಪಕಿ ಕುಳಿತಿದ್ದರು. ಪರಿಚಯಿಸುವವರು ಕಾಗದ ಹಿಡಿದು ಓದಿದರು: ಅಳಿವೆಯ ಕೆಸರಿನ ಆಕ್ಟಿನೊಬ್ಯಾಕ್ಟೀರಿಯಾಗಳಲ್ಲಿ ವಿಶೇಷ ಪರಿಣತಿ, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು, ಹನ್ನೆರಡು ಪಿಎಚ್.ಡಿ.ಗಳಿಗೆ ಮಾರ್ಗದರ್ಶನ, ಒಂದು ಹೊಸ ಪ್ರಭೇದದ ವರದಿ, ಎಚ್-ಸೂಚ್ಯಂಕ ಇಪ್ಪತ್ತು. ಚಪ್ಪಾಳೆ ಬಿತ್ತು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು.

ನನ್ನ ಪಕ್ಕದಲ್ಲಿ ಕುಳಿತಿದ್ದ ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರು ಶಿರಸಿ ಕಡೆಯ ಅಡಿಕೆ ತೋಟದವರು, ನನ್ನ ಅಕ್ಕನ ಗಂಡ. ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಸೂಕ್ಷ್ಮಜೀವಿಶಾಸ್ತ್ರದಲ್ಲೇ ಮುಂದುವರಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಾಗಾಗಿ ಮದ್ದು ಹೊಡೆಯುವ ದಿನಗಳ ನಡುವೆ ಬಿಡುವು ಮಾಡಿಕೊಂಡು ಘಟ್ಟ ಇಳಿದು ಬಂದಿದ್ದರು. “ಎಲ್ಲ ಸರಿ ಭಾವ, ಇವರು ದಿನಾ ಬೆಳಿಗ್ಗೆ ಎದ್ದು ಮಾಡುವ ಕೆಲಸ ಏನು?” ಎಂದರು.

ನಾನು ಆ ದಾರಿಯಲ್ಲಿ ಎಂ.ಎಸ್ಸಿ. ಮುಗಿಸಿ, ಪ್ರಯೋಗಾಲಯದಲ್ಲಿ ಒಂದೂವರೆ ವರ್ಷ ಇದ್ದು, ಹಿಂದಿರುಗಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿಕೊಂಡಿರುವವನು. ಅರ್ಧ ಹತ್ತಿ ಇಳಿದವನಿಗೆ ಮರದ ಎತ್ತರ ಚೆನ್ನಾಗಿ ಗೊತ್ತಿರುತ್ತದೆ. ಆ ಪರಿಚಯ ಭಾಷಣದ ಒಂದೊಂದು ವಾಕ್ಯದ ಹಿಂದೆ ಎಷ್ಟು ವರ್ಷ ಕುಳಿತಿದೆ ಎಂಬುದನ್ನು ಭಾವನಿಗೆ ಅಂದು ಪಿಸುಮಾತಿನಲ್ಲಿ ಹೇಳಿ ಮುಗಿಸಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕೆಸರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರ ಕೆಲಸ ಆರಂಭವಾಗುವುದೂ ಅಲ್ಲಿಂದಲೇ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ, ಯಾವ ಅಣೆಕಟ್ಟಿನ ಹಂಗೂ ಇಲ್ಲದೆ ತದಡಿಯ ಬಳಿ ಕಡಲು ಸೇರುತ್ತದೆ. ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಡು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ದಿಬ್ಬಗಳು, ಸಾಣಿಕಟ್ಟೆಯ ಉಪ್ಪಿನ ಆಗರ ಎಲ್ಲವೂ ಆ ಹರವಿನಲ್ಲೇ ಇವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಕಾಂಡ್ಲಾದ ಬುಡಕ್ಕೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತೀರಿ. ಕಾಲು ಕಿತ್ತರೆ ಕಪ್ಪು ಕೆಸರಿನ ಜೊತೆಗೆ ಕೊಳೆತ ಮೊಟ್ಟೆಯ ನಾತ ಏಳುತ್ತದೆ.

ಆ ನಾತವನ್ನು ಗಲೀಜು ಎಂದು ತಿಳಿದು ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ವಾಸ್ತವದಲ್ಲಿ ಅದು ಉಸಿರಾಟದ ವಾಸನೆ. ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಮೇಲಿನ ಕೆಲವೇ ಮಿಲಿಮೀಟರ್. ಅದರ ಕೆಳಗೆ ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಆಮ್ಲಜನಕದ ಬದಲಿಗೆ ಕಡಲ ನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಉಸಿರಾಡುತ್ತದೆ, ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಗೆ ಬಿಡುತ್ತದೆ. ಆ ಅನಿಲ ಮಣ್ಣಿನ ಕಬ್ಬಿಣದ ಜೊತೆ ಕೂಡಿದಾಗ ಕಪ್ಪು ಬಣ್ಣ ಬರುತ್ತದೆ. ನಮ್ಮ ಘಟ್ಟದ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಕೊರತೆಯಿಲ್ಲ. ಒಲೆಯ ಹೊಗೆ ಅಟ್ಟದ ಮೇಲೆ ಮಸಿ ಕಟ್ಟುವ ಹಾಗೆ ಈ ಜೀವಿಗಳ ಉಸಿರು ಕೆಸರಿನಲ್ಲಿ ಮಸಿ ಕಟ್ಟುತ್ತದೆ.

ಪ್ರಾಧ್ಯಾಪಕಿ ಅಲ್ಲಿಂದ ಒಂದು ಹಿಡಿ ಕೆಸರನ್ನು ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು ತರುತ್ತಾರೆ. ಅಥವಾ ಅವರ ವಿದ್ಯಾರ್ಥಿ ತರುತ್ತಾನೆ. ವಯಸ್ಸಾದಂತೆ ಕೆಸರಿಗಿಳಿಯುವ ಕಾಲುಗಳು ಕಿರಿಯರವಾಗುತ್ತವೆ. ಒಂದು ಗ್ರಾಂ ಕೆಸರಿನಲ್ಲಿ ಕೋಟಿಗಟ್ಟಲೆ ಜೀವಿಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಬೇರ್ಪಡಿಸಿ ನೋಡುವುದು ಹೇಗೆ? ಉಪಾಯ ಬಹಳ ಹಳೆಯದು: ನೀರು ಬೆರೆಸುತ್ತ ಹೋಗುವುದು. ಗಟ್ಟಿ ಮಜ್ಜಿಗೆಯ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು ಬೆರೆಸಿ, ಅದರಿಂದ ಒಂದು ಲೋಟ ತೆಗೆದು ಮತ್ತೆ ಒಂಬತ್ತು ಲೋಟ ನೀರಿಗೆ ಹಾಕಿ, ಹೀಗೆ ನಾಲ್ಕು ಸಲ ಮಾಡಿದರೆ ಮಜ್ಜಿಗೆ ಹತ್ತು ಸಾವಿರ ಪಟ್ಟು ತೆಳುವಾಗುತ್ತದೆ. ಕೆಸರಿಗೂ ಹಾಗೆಯೇ. ಕೊನೆಯ ನೀರಿನ ಹನಿಯಷ್ಟನ್ನು, ಅಂದರೆ ಒಂದು ಮಿಲಿಲೀಟರಿನ ಹತ್ತನೇ ಒಂದು ಪಾಲನ್ನು, ಪೆಟ್ರಿ ತಟ್ಟೆ ಎಂಬ ಮುಚ್ಚಳದ ಪುಟ್ಟ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಊಟದ ಮೇಲೆ ಹರಡಿ ಬೆಚ್ಚಗಿಡುತ್ತಾರೆ. ದೂರದೂರ ಬಿದ್ದ ಒಂದೊಂದು ಜೀವಿಯೂ ತನ್ನ ಜಾಗದಲ್ಲೇ ಸಂತತಿ ಬೆಳೆಸಿ, ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಅದಕ್ಕೆ ಕಾಲೊನಿ ಎಂದು ಹೆಸರು. ತಟ್ಟೆಯಲ್ಲಿ ಐವತ್ತು ಚುಕ್ಕೆ ಎದ್ದರೆ ಹಿಂದಕ್ಕೆ ಗುಣಿಸಿ ನೋಡಿ: ಒಂದು ಗ್ರಾಂ ಕೆಸರಿನಲ್ಲಿ ಬೆಳೆಯಬಲ್ಲ ಐವತ್ತು ಲಕ್ಷ ಜೀವಿಗಳು.

“ಬೆಳೆಯಬಲ್ಲ” ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಅದೇ ಕೆಸರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೇರವಾಗಿ ಎಣಿಸಿದರೆ ಅದರ ನೂರಾರು ಪಟ್ಟು ಜೀವಿಗಳು ಕಾಣುತ್ತವೆ. ಹಾಗಾದರೆ ಉಳಿದವು ತಟ್ಟೆಯ ಮೇಲೆ ಏಕೆ ಏಳಲಿಲ್ಲ? ನಾವು ಬಡಿಸಿದ ಊಟ ಅವಕ್ಕೆ ಹಿಡಿಸಲಿಲ್ಲ, ಅಥವಾ ನೆರೆಯವರಿಲ್ಲದೆ ಅವು ಬದುಕಲಾರವು, ಅಥವಾ ತಿಂಗಳುಗಟ್ಟಲೆ ಕಾಯಬೇಕಾದಲ್ಲಿ ನಾವು ಮೂರು ದಿನಕ್ಕೆ ತಟ್ಟೆ ಎಸೆದಿದ್ದೇವೆ. ಸೂಕ್ಷ್ಮಜೀವಿಶಾಸ್ತ್ರಕ್ಕೆ ನೂರು ವರ್ಷಕ್ಕೂ ಮೀರಿದ ತಲೆನೋವು ಇದು. ಒಬ್ಬ ಪ್ರಾಧ್ಯಾಪಕರ ಇಡೀ ವೃತ್ತಿಜೀವನ ಹೊಸ ಬಗೆಯ ‘ಊಟ’ ತಯಾರಿಸುವುದರಲ್ಲೇ ಕಳೆದುಹೋದರೆ ಅದು ವ್ಯರ್ಥವಲ್ಲ.

ಆ ತಟ್ಟೆಯಲ್ಲಿ ಊಟವನ್ನು ಗಟ್ಟಿಯಾಗಿ ಹಿಡಿದಿಡುವ ವಸ್ತು ಅಗರ್. ಅದರ ಮೂಲ ಕಡಲ ಪಾಚಿ. ಮನೆಯಲ್ಲಿ ಚೈನಾ ಗ್ರಾಸ್ ಎಂದು ತಂದು ಹಾಲಿಗೆ ಹಾಕಿ ಸಿಹಿ ಮಾಡುತ್ತೇವಲ್ಲ, ಅದೇ. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಮೊದಲು ಜಿಲೆಟಿನ್ ಬಳಸುತ್ತಿದ್ದರು. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವ ಬೆಚ್ಚನೆಯ ಉಷ್ಣತೆಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ 1881ರ ಸುಮಾರಿಗೆ, ತಮ್ಮ ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಎಂದರು. ಕುದಿಯುವ ಹತ್ತಿರ ಬಂದಾಗ ಮಾತ್ರ ಕರಗುವ, ಸುಮಾರು ನಲವತ್ತು ಡಿಗ್ರಿಗೆ ಇಳಿದಾಗ ಹೆಪ್ಪುಗಟ್ಟುವ, ಹೆಚ್ಚಿನ ಬ್ಯಾಕ್ಟೀರಿಯಾ ತಿನ್ನಲಾರದ ವಸ್ತು. ಅಂದಿನಿಂದ ಇಂದಿನವರೆಗೆ ಜಗತ್ತಿನ ಪ್ರಯೋಗಾಲಯಗಳೆಲ್ಲ ಆ ಅಡುಗೆಮನೆಯ ಸಾಲದಲ್ಲಿವೆ. ಕಾಖ್ ಅವರ ಬರಹದಲ್ಲಿ ಆಕೆಯ ಹೆಸರು ಬರಲಿಲ್ಲ.

ಪ್ರಯೋಗಾಲಯದ ಮುಕ್ಕಾಲು ಪಾಲು ಕೆಲಸವೂ ಅಡುಗೆ ಮತ್ತು ಮಡಿಯೇ. ಪಾತ್ರೆ, ನೀರು, ಊಟ ಎಲ್ಲವನ್ನೂ ಆಟೊಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ 121 ಡಿಗ್ರಿ ಉಗಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಬೇಕು. ನಮಗೆ ಬೇಡದ ಒಂದು ಜೀವಿಯೂ ಒಳಗೆ ಉಳಿಯಕೂಡದು. ಭಾವನ ಅಮ್ಮ ಮಡಿಯುಟ್ಟು ಅಡುಗೆಮನೆಗೆ ಹೋದಾಗ ಯಾರೂ ಮುಟ್ಟುವಂತಿರಲಿಲ್ಲವಲ್ಲ, ಅಷ್ಟೇ ಕಟ್ಟುನಿಟ್ಟು. ಇಲ್ಲಿ ಮಾತ್ರ ಮುಟ್ಟಿದರೆ ಏನಾಯಿತೆಂಬುದು ಎರಡು ದಿನಕ್ಕೆ ತಟ್ಟೆಯ ಮೇಲೆ ಕಾಣುತ್ತದೆ.

ನನಗೂ ಕಂಡಿತ್ತು. ಕರಾವಳಿಯ ಆಷಾಢದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಪೆಟ್ರಿ ತಟ್ಟೆಯನ್ನು ಬಿಡುತ್ತದೆಯೇ? ಒಂದು ಸೋಮವಾರ ಬಾಗಿಲು ತೆರೆದರೆ ನನ್ನ ನಲವತ್ತು ತಟ್ಟೆಗಳ ಮೇಲೂ ಹಸಿರು ಬೂದು ಕಂಬಳಿ. ಅದನ್ನಾದರೂ ಸಹಿಸಿಕೊಂಡೆ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ಬೇಸಿಗೆಯಲ್ಲಿ. ಕಷ್ಟಪಟ್ಟು ಬೇರ್ಪಡಿಸಿದ ಜೀವಿಗಳ ಸೀಸೆಗಳ ಮೇಲೆ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೆ. ಸ್ಪಿರಿಟ್ಟಿನಲ್ಲಿ ಒರೆಸಿದ ದಿನ ಎಲ್ಲ ಅಳಿಸಿಹೋಯಿತು. ಯಾವುದು ಯಾವ ಕೆಸರಿನದು, ಯಾವ ದಿನದ್ದು, ಒಂದೂ ತಿಳಿಯದು. ಜೀವಿಗಳು ಬದುಕಿದ್ದವು, ಗುರುತು ಸತ್ತಿತ್ತು. “ಪೆನ್ಸಿಲ್ಲಿನಲ್ಲಿ ಬರೆಯಬೇಕು ಮಾರಾಯ” ಎಂದು ಹಿರಿಯ ಸಹಪಾಠಿ ಹೇಳಿದ್ದು ಆಮೇಲೆ.

ಆಕ್ಟಿನೊಬ್ಯಾಕ್ಟೀರಿಯಾ ಎಂಬ ನಾಲಿಗೆ ತಿರುಚುವ ಹೆಸರಿಗೆ ಬರುತ್ತೇನೆ. ಇವುಗಳನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಮೂಸಿದ್ದೀರಿ. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಪರಿಮಳದಲ್ಲಿ ಜಿಯೊಸ್ಮಿನ್ ಎಂಬ ವಸ್ತುವಿದೆ. ಅದನ್ನು ಹೆಚ್ಚಾಗಿ ತಯಾರಿಸುವವು ಈ ಗುಂಪಿನ ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಜೀವಿಗಳು. ಬ್ಯಾಕ್ಟೀರಿಯಾವೇ ಆದರೂ ಬೂಷ್ಟಿನ ಹಾಗೆ ಎಳೆಎಳೆಯಾಗಿ ಬೆಳೆಯುತ್ತವೆ, ನಿಧಾನವಾಗಿ ಬೆಳೆಯುತ್ತವೆ, ಜಾಗಕ್ಕಾಗಿ ನೆರೆಯವರೊಡನೆ ಜಗಳವಾಡಲು ವಿಷ ಸುರಿಸುತ್ತವೆ. ಆ ವಿಷವೇ ನಮಗೆ ಔಷಧ. ಇಂದು ಬಳಕೆಯಲ್ಲಿರುವ ಆಂಟಿಬಯೋಟಿಕ್‌ಗಳಲ್ಲಿ ದೊಡ್ಡ ಪಾಲು ಈ ಗುಂಪಿನಿಂದಲೇ ಬಂದದ್ದು.

ಪ್ರಾಧ್ಯಾಪಕ ಮತ್ತು ವಿದ್ಯಾರ್ಥಿಯ ಸಂಬಂಧ ಎಂಥದ್ದು ಎಂದು ತಿಳಿಯಲು ಸ್ಟ್ರೆಪ್ಟೊಮೈಸಿನ್ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಮಣ್ಣಿನ ಸೂಕ್ಷ್ಮಜೀವಿಗಳ ಪ್ರಾಧ್ಯಾಪಕರಿದ್ದರು. 1943ರಲ್ಲಿ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್, ಆಗಿನ್ನೂ ಇಪ್ಪತ್ತಮೂರರ ಯುವಕ, ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಕುಳಿತು ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಪಡೆದ. ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಮಣಿಸಿದ ಮೊದಲ ಆಂಟಿಬಯೋಟಿಕ್ ಅದು. ಕೀರ್ತಿಯೂ ಗೌರವಧನವೂ ಪ್ರಾಧ್ಯಾಪಕರ ಕಡೆಗೆ ಹರಿದಾಗ ಶಾಟ್ಸ್ 1950ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಸಹ ಸಂಶೋಧಕ ಎಂಬ ಮನ್ನಣೆಯೂ ಹಣದಲ್ಲಿ ಪಾಲೂ ದೊರೆತವು. ಆದರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಯಾರ ಕಡೆ ನ್ಯಾಯ? ಸಾವಿರಾರು ಜೀವಿಗಳನ್ನು ಸಾಲಾಗಿ ಪರೀಕ್ಷಿಸುವ ವಿಧಾನವನ್ನು ಕಟ್ಟಿ ನಿಲ್ಲಿಸಿದವರು ಗುರು, ಅದರಲ್ಲಿ ರಾತ್ರಿ ಹಗಲು ಕುಳಿತು ಕಂಡುಕೊಂಡವನು ಶಿಷ್ಯ. ನನ್ನ ಒಲವು ಶಿಷ್ಯನ ಕಡೆಗಿದೆ. ಅರ್ಧದಲ್ಲಿ ಇಳಿದವನು ಇನ್ನಾರ ಕಡೆ ನಿಂತಾನು?

ಇಂದು ಈ ಪಾಲುದಾರಿಕೆಯನ್ನು ಲೇಖನದ ಹೆಸರುಗಳ ಸಾಲಿನಲ್ಲೇ ಓದಬಹುದು. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಿಂದ ಕೆಲಸ ಮಾಡಿದವರದು, ಕೊನೆಯ ಹೆಸರು ಯೋಜನೆ ರೂಪಿಸಿ, ಹಣ ತಂದು, ತಪ್ಪು ತಿದ್ದಿದ ಮಾರ್ಗದರ್ಶಕರದು. ಆದ್ದರಿಂದ “ನೂರು ಲೇಖನಗಳು” ಎಂದರೆ ವೇದಿಕೆಯ ಮೇಲಿದ್ದ ಒಬ್ಬರೇ ಕುಳಿತು ನೂರು ಬರೆದರು ಎಂದಲ್ಲ. ಮೊದಲ ಹತ್ತರಲ್ಲಿ ಅವರ ಹೆಸರು ಮುಂದಿರುತ್ತದೆ, ಆಮೇಲೆ ಹಿಂದಕ್ಕೆ ಸರಿಯುತ್ತದೆ. ಹೀಗೆ ಹಿಂದಕ್ಕೆ ಸರಿಯುವುದೇ ಈ ವೃತ್ತಿಯಲ್ಲಿ ಬಡ್ತಿ.

ಕೆಸರಿನ ಜೀವಿಯೊಂದು ಔಷಧ ಸುರಿಸುತ್ತದೆಯೇ ಎಂದು ನೋಡುವ ಪರೀಕ್ಷೆ ಕಣ್ಣಿಗೆ ಬಹಳ ಚೆಂದ. ತಟ್ಟೆಯ ತುಂಬ ರೋಗಕಾರಕ ಬ್ಯಾಕ್ಟೀರಿಯಾವನ್ನು ಹುಲ್ಲುಹಾಸಿನ ಹಾಗೆ ಬೆಳೆಸಿ, ನಡುವೆ ನಮ್ಮ ಜೀವಿಯನ್ನು ಇಡುತ್ತಾರೆ. ಅದರ ಸುತ್ತ ಹುಲ್ಲು ಏಳದ ಒಂದು ಸ್ವಚ್ಛ ವೃತ್ತ ಕಂಡರೆ ಅಂದು ಪ್ರಯೋಗಾಲಯದಲ್ಲಿ ಚಹಾ ಜೊತೆ ಬಿಸ್ಕತ್ತು ಇರುತ್ತದೆ. ಆದರೆ ಆ ವೃತ್ತದ ಹಿಂದಿರುವ ವಸ್ತು ಹತ್ತರಲ್ಲಿ ಒಂಬತ್ತು ಸಲ ಯಾರೋ ದಶಕಗಳ ಹಿಂದೆಯೇ ಕಂಡುಹಿಡಿದದ್ದಾಗಿರುತ್ತದೆ. ಮಣ್ಣಿನಲ್ಲಿ ಹುಡುಕಿ ಹುಡುಕಿ ಹಳೆಯದೇ ಮತ್ತೆ ಮತ್ತೆ ಸಿಗುತ್ತಿರುವುದರಿಂದಲೇ ಸಂಶೋಧಕರು ಅಳಿವೆಗೂ ಕಡಲಿಗೂ ಇಳಿದದ್ದು. ದಿನಕ್ಕೆರಡು ಸಲ ಉಪ್ಪೇರಿ ಇಳಿಯುವ, ಮಳೆಗಾಲದಲ್ಲಿ ಸಿಹಿನೀರಾಗಿ ಬೇಸಿಗೆಯಲ್ಲಿ ಕಡಲೇ ಆಗುವ ಜಾಗದಲ್ಲಿ ಬದುಕುವವರ ಆಯುಧಗಳು ಬೇರೆಯಾಗಿರಬಹುದು ಎಂಬ ಆಸೆ.

ಇಲ್ಲೊಂದು ಎಚ್ಚರಿಕೆಯ ಮಾತು. “ಕಾಂಡ್ಲಾ ಕೆಸರಿನ ಬ್ಯಾಕ್ಟೀರಿಯಾದಿಂದ ಕ್ಯಾನ್ಸರಿಗೆ ಮದ್ದು” ಎಂಬಂಥ ತಲೆಬರಹ ಕಂಡರೆ ಕುಣಿಯಬೇಡಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳು ಸತ್ತವು ಎಂಬುದಷ್ಟೇ ಅದರ ಅರ್ಥ. ಫಿನಾಯಿಲ್ ಸುರಿದರೂ ಅವು ಸಾಯುತ್ತವೆ. ನಮ್ಮ ದೇಹದ ಒಳ್ಳೆಯ ಕೋಶಗಳನ್ನು ಬಿಟ್ಟು ಕೆಟ್ಟವನ್ನಷ್ಟೇ ಕೊಲ್ಲುತ್ತದೆಯೇ, ರಕ್ತದಲ್ಲಿ ಉಳಿಯುತ್ತದೆಯೇ, ಯಕೃತ್ತು ತಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಆಮೇಲೆ. ಒಳ್ಳೆಯ ಪ್ರಾಧ್ಯಾಪಕರು ಇದನ್ನು ಪತ್ರಕರ್ತರಿಗೆ ಮೊದಲೇ ಹೇಳುತ್ತಾರೆ. ಕೆಲವರು ಹೇಳುವುದಿಲ್ಲ.

ಅಂದಿನ ಉಪನ್ಯಾಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಉಪ್ಪಿನ ಮಾತು. ಕಡಲ ನೀರಿನಲ್ಲಿ ಉಪ್ಪು ನೂರಕ್ಕೆ ಮೂರೂವರೆ ಪಾಲು. ಆಗರದ ಕಟ್ಟೆಯಿಂದ ಕಟ್ಟೆಗೆ ಹರಿಸಿ ಬಿಸಿಲಿಗೆ ಬಿಟ್ಟಾಗ ಕೊನೆಯ ಪಾತಿಯಲ್ಲಿ ಅದು ಇಪ್ಪತ್ತೈದು ದಾಟುತ್ತದೆ. ಅಷ್ಟು ಉಪ್ಪಿನಲ್ಲಿ ಯಾವ ಜೀವವೂ ಇರದು ಎಂದುಕೊಂಡೇ ನಾವು ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದು. ಆದರೆ ಜಗತ್ತಿನ ಎಷ್ಟೋ ಆಗರಗಳಲ್ಲಿ ಉಪ್ಪು ಹರಳುಗಟ್ಟುವ ಹೊತ್ತಿಗೆ ನೀರು ಗುಲಾಬಿ ಕೆಂಪಿಗೆ ತಿರುಗುತ್ತದೆ. ಅದು ಉಪ್ಪನ್ನೇ ಬಯಸುವ ಜೀವಿಗಳ ಬಣ್ಣ. ಉಪ್ಪು ಕಡಿಮೆಯಾದರೆ ಅವು ಒಡೆದು ಸಾಯುತ್ತವೆ. ಒಣಮೀನು ತಿನ್ನುವವರಿಗೆ ಇದರ ಪರಿಚಯ ಬೇರೆ ದಾರಿಯಿಂದ ಇರುತ್ತದೆ: ಉಪ್ಪು ಹಾಕಿ ಒಣಗಿಸಿದ ಮೀನು ತೇವಕ್ಕೆ ಸಿಕ್ಕರೆ ಕೆಂಪಗೆ ಲೋಳೆಯಾಗುತ್ತದಲ್ಲ, ಅದು ಆಗರದಿಂದ ಉಪ್ಪಿನ ಜೊತೆಗೇ ಬಂದ ಇವುಗಳ ಕೆಲಸ. ಭಾವನಿಗೆ ಈ ಉದಾಹರಣೆ ಹೇಳಿ ಪ್ರಯೋಜನವಿರಲಿಲ್ಲ. ಅವರು ಮೀನುಪೇಟೆಯ ರಸ್ತೆಯನ್ನೇ ಬಿಟ್ಟು ಸುತ್ತಿ ಬಂದವರು.

ಈ ಉಪ್ಪಿನ ಜೀವಿಗಳು ನಿಜವಾದ ಬ್ಯಾಕ್ಟೀರಿಯಾಗಳೂ ಅಲ್ಲ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಜೀವಿಗಳ ಒಂದು ಹಳೆಯ ಅಣುವನ್ನು ಹೋಲಿಸಿ ನೋಡಿದಾಗ, ಬ್ಯಾಕ್ಟೀರಿಯಾದಂತೆ ಕಾಣುವ ಕೆಲವು ಜೀವಿಗಳು ಬ್ಯಾಕ್ಟೀರಿಯಾಕ್ಕೆ ಬಹು ದೂರದ ನೆಂಟರು ಎಂದು ತಿಳಿಯಿತು. ಅವಕ್ಕೆ ಈಗ ಆರ್ಕಿಯಾ ಎನ್ನುತ್ತಾರೆ. ಉಪ್ಪಿನ ಕೆಂಪು ಜೀವಿಗಳು ಆ ಗುಂಪಿಗೆ ಸೇರಿದವು. ಅವುಗಳಲ್ಲೊಂದರ ಪೊರೆಯಲ್ಲಿ ಬೆಳಕಿಗೆ ಸ್ಪಂದಿಸುವ ನೇರಳೆ ಪ್ರೋಟೀನು ಇದೆ ಎಂದು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ತೋರಿಸಿದರು. ಆಗ ಅದು ಕುತೂಹಲಕ್ಕಾಗಿ ಮಾಡಿದ ಕೆಲಸ. ಇಂದು ಅದೇ ಬಗೆಯ ಪ್ರೋಟೀನುಗಳನ್ನು ನರಕೋಶಗಳಿಗೆ ಸೇರಿಸಿ, ಬೆಳಕಿನಿಂದ ಅವುಗಳನ್ನು ದೀಪದ ಗುಂಡಿಯಂತೆ ಹಚ್ಚಿ ಆರಿಸಿ ಮಿದುಳನ್ನು ಅಧ್ಯಯನ ಮಾಡುತ್ತಾರೆ. ಉಪ್ಪಿನ ಪಾತಿಯಿಂದ ಮಿದುಳಿಗೆ ದಾರಿ ಇದೆಯೆಂದು 1971ರಲ್ಲಿ ಯಾವ ಅನುದಾನ ಸಮಿತಿಯೂ ಬರೆದುಕೊಡುತ್ತಿರಲಿಲ್ಲ.

“ಒಂದು ಹೊಸ ಪ್ರಭೇದದ ವರದಿ” ಎಂದು ಪರಿಚಯ ಓದುವವರು ಉಸಿರು ಬಿಡದೆ ದಾಟಿಸಿದರು. ಆ ನಾಲ್ಕು ಪದಗಳಿಗೆ ಎರಡು ಮೂರು ವರ್ಷ ಹಿಡಿದಿದ್ದರೆ ಆಶ್ಚರ್ಯವಿಲ್ಲ. ಜೀವಿ ಹೊಸದೇ ಎಂದು ಹೇಗೆ ತಿಳಿಯುವುದು? ಮೊದಲು ಅದರ 16ಎಸ್ ಎಂಬ ವಂಶವಾಹಿಯನ್ನು ಓದಬೇಕು. ಸುಮಾರು 1500 ಅಕ್ಷರಗಳ ಸಾಲು ಅದು, ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಮನೆತನದ ಹೆಸರಿದ್ದ ಹಾಗೆ. ಗೊತ್ತಿರುವ ಯಾವ ಜೀವಿಯೊಡನೆ ಹೋಲಿಸಿದರೂ ನೂರಕ್ಕೆ 98.7ಕ್ಕಿಂತ ಕಡಿಮೆ ಹೊಂದಿಕೆಯಾದರೆ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಇಡೀ ಜೀನೋಮ್ (ಜೀವಿಯ ವಂಶವಾಹಿಗಳ ಪೂರ್ಣ ಸಾಲು), ಪೊರೆಯ ಕೊಬ್ಬು, ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು ತಾಳುತ್ತದೆ ಎಂಬೆಲ್ಲ ವಿವರ. ಕೊನೆಗೆ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಿಗೆ ಒಪ್ಪಿಸಬೇಕು, ಅಲ್ಲಿಂದ ಯಾರು ಬೇಕಾದರೂ ತರಿಸಿ ಪರೀಕ್ಷಿಸುವಂತಿರಬೇಕು. ನಮ್ಮಲ್ಲಿ ಚಂಡೀಗಢ ಮತ್ತು ಪುಣೆಯಲ್ಲಿ ಅಂಥ ಸಂಗ್ರಹಾಲಯಗಳಿವೆ. ದೇಶದ ಜೀವಸಂಪತ್ತು ಗಡಿ ದಾಟುವಾಗ 2002ರ ಜೀವವೈವಿಧ್ಯ ಕಾಯ್ದೆಯ ಕಾಗದಪತ್ರಗಳೂ ಜೊತೆಗೆ ಹೋಗಬೇಕು. ಹೆಸರಿಡುವ ಸಂತೋಷ ಮಾತ್ರ ಕಂಡುಹಿಡಿದವರದು. ಒಡಿಶಾದ ಚಿಲಿಕಾ ಸರೋವರದ ಹೆಸರು ಹೊತ್ತ ಸ್ಟ್ರೆಪ್ಟೊಮೈಸಿಸ್ ಒಂದಿದೆ.

ಲ್ಯಾಟಿನ್ ಹೆಸರುಗಳಲ್ಲಿ ನಮ್ಮ ಕನ್ನಡಕ್ಕೂ ಜಾಗವಿದೆ ಎಂದು ಹೇಳಿದಾಗ ಭಾವ ಮೊದಲ ಬಾರಿಗೆ ನೆಟ್ಟಗೆ ಕುಳಿತರು. ಕಾಫಿಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿಜ್ಞಾನಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದೇ ಹೆಸರಿಟ್ಟರು. ಅಡಿಕೆಯ ಕೊಳೆರೋಗ ಬೇರೆ. ಅದರ ಕಾರಣ ಫೈಟಾಫ್ತೊರ, ಗ್ರೀಕಿನಲ್ಲಿ ‘ಗಿಡನಾಶಕ’ ಎಂದರ್ಥ. ನೋಡಲು ಬೂಷ್ಟಿನಂತಿದ್ದರೂ ಅದು ಶಿಲೀಂಧ್ರವಲ್ಲ, ಕಂದು ಪಾಚಿಗಳ ಕಡೆಯ ನೆಂಟ. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಆದ್ದರಿಂದಲೇ ಎಡೆಬಿಡದ ಮಳೆಯಲ್ಲಿ ಗೊನೆಯಿಂದ ಗೊನೆಗೆ ಹಬ್ಬುತ್ತದೆ, ಗೊನೆಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡಿದರೆ ತಡೆಯುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಬರಗಾಲ ತಂದದ್ದು ಇದರದೇ ಇನ್ನೊಂದು ಪ್ರಭೇದ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ದಾಟಿದರೂ ಭಾವನ ತೋಟದ ಕೊನೆಗೌಡ ಮರದ ತುದಿಯಲ್ಲಿ ಹೊಡೆಯುವುದು ಅದನ್ನೇ.

ಇನ್ನು ಏಣಿಯ ಮೆಟ್ಟಿಲುಗಳು. ಭಾವನಿಗೆ ಬೇಕಿದ್ದದ್ದು ಮುಖ್ಯವಾಗಿ ಇದೇ, ಆದರೆ ಹೇಳಲು ಹೆಚ್ಚಿಲ್ಲ. ಎಂ.ಎಸ್ಸಿ. ಎರಡು ವರ್ಷ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ಕಡಲು ಸೇರುವಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಸೂಕ್ಷ್ಮಜೀವಿಶಾಸ್ತ್ರವೇ ಬೇಕೆಂದರೆ ಧಾರವಾಡಕ್ಕೋ ಗೋವೆಗೋ ಹೋಗುವವರೇ ನಮ್ಮಲ್ಲಿ ಹೆಚ್ಚು. ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆಗೆ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪರೀಕ್ಷೆ. ನೆಟ್‌ನಲ್ಲಿ ಮೇಲಿನ ಸಾಲಿಗೆ ಬಂದರೆ ಸಂಶೋಧನಾ ವೇತನ ಸಿಗುತ್ತದೆ, 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಮುಂದೆ 42,000 ರೂಪಾಯಿ. ಪಿಎಚ್.ಡಿ.ಗೆ ನಿಯಮದ ಪ್ರಕಾರ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮೂರರಲ್ಲಿ ಮುಗಿಸಿದವರನ್ನು ನಾನು ಕಂಡಿಲ್ಲ, ಕೆಸರಿಗೆ ನಿಯಮ ಗೊತ್ತಿಲ್ಲವಲ್ಲ. ಅನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆ. ಅಲ್ಲಿಂದ ಪ್ರಾಧ್ಯಾಪಕರಾಗಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಮೆಟ್ಟಿಲುಗಳು, ಪಿಎಚ್.ಡಿ. ಇದ್ದವರಿಗೆ, ನಾಲ್ಕು, ಐದು, ಮೂರು, ಮತ್ತೆ ಮೂರು: ಒಟ್ಟು ಹದಿನೈದು ವರ್ಷ, ಎಲ್ಲವೂ ಸಮಯಕ್ಕೆ ಸರಿಯಾಗಿ ನಡೆದರೆ. ಪಿಎಚ್.ಡಿ. ವಿದ್ಯಾರ್ಥಿಗಳನ್ನು ಏಕಕಾಲಕ್ಕೆ ಸಹಾಯಕ ಪ್ರಾಧ್ಯಾಪಕರು ನಾಲ್ವರನ್ನು, ಸಹ ಪ್ರಾಧ್ಯಾಪಕರು ಆರು, ಪ್ರಾಧ್ಯಾಪಕರು ಎಂಟು ಮಂದಿಯನ್ನು ಇಟ್ಟುಕೊಳ್ಳಬಹುದು. ಹನ್ನೆರಡು ಪಿಎಚ್.ಡಿ. ಎಂಬುದರ ಹಿಂದೆ ಎಷ್ಟು ವರ್ಷ ಎಂದು ಈಗ ನೀವೇ ಲೆಕ್ಕ ಹಾಕಬಹುದು.

ಈ ಏಣಿಯಲ್ಲಿ ಯಾವ ಕೈಪಿಡಿಯೂ ಅಚ್ಚು ಹಾಕದ ಒಂದು ಮೆಟ್ಟಿಲಿದೆ, ಅತಿಥಿ ಉಪನ್ಯಾಸಕರದು. ಪಿಎಚ್.ಡಿ. ಮುಗಿಸಿ, ನೇಮಕಾತಿಯ ಪ್ರಕಟಣೆಗಾಗಿ ಕಾಯುತ್ತ, ವರ್ಷದಿಂದ ವರ್ಷಕ್ಕೆ ಅತಿಥಿಯಾಗಿಯೇ ಉಳಿಯುವವರು. ಹತ್ತು ವರ್ಷ ಉಳಿದವರನ್ನು ಅತಿಥಿ ಎಂದು ಕರೆಯುವ ಮನೆ ಬೇರೆಲ್ಲೂ ಇರಲಿಕ್ಕಿಲ್ಲ. ಅಕ್ಕನ ಮಗಳಿಗೆ ಇದನ್ನು ನಾನು ಮುಚ್ಚಿಟ್ಟಿಲ್ಲ.

ಎಚ್-ಸೂಚ್ಯಂಕ ಒಂದು ಬಾಕಿ ಉಳಿಯಿತು. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಇದು. ತೆಂಗಿನ ತೋಟವೆಂದು ತಿಳಿಯಿರಿ, ಮರವೆಂದರೆ ಲೇಖನ, ಕಾಯಿಯೆಂದರೆ ಬೇರೆಯವರು ತಮ್ಮ ಬರಹದಲ್ಲಿ ಅದನ್ನು ಉಲ್ಲೇಖಿಸಿದ ಸಂಖ್ಯೆ. ತಲಾ ಇಪ್ಪತ್ತು ಕಾಯಿಗೆ ಕಡಿಮೆಯಿಲ್ಲದ ಇಪ್ಪತ್ತು ಮರಗಳಿದ್ದರೆ ಸೂಚ್ಯಂಕ ಇಪ್ಪತ್ತು. ಒಂದೇ ಮರ ಐನೂರು ಕಾಯಿ ಬಿಟ್ಟರೂ ಸೂಚ್ಯಂಕ ಏರದು, ಕಾಯಿಯೇ ಇಲ್ಲದ ನೂರು ಮರ ನೆಟ್ಟರೂ ಏರದು. ಉಪಾಯ ಜಾಣತನದ್ದೇ. ಆದರೆ ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿ ಕಾಯಿ ಹೆಚ್ಚಿಸಿಕೊಳ್ಳುವವರಿದ್ದಾರೆ, ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿವೆ. ಅಳತೆಯೇ ಬಡ್ತಿಯನ್ನು ನಿರ್ಧರಿಸುವಾಗ ಇವೆಲ್ಲ ಹುಟ್ಟಿಕೊಳ್ಳುತ್ತವೆ.

ಯಾವ ಸೂಚ್ಯಂಕಕ್ಕೂ ಸಿಗದ ಒಂದು ಆಸ್ತಿ ಇಂಥ ಪ್ರಾಧ್ಯಾಪಕರ ಬಳಿ ಇರುತ್ತದೆ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ, ಗ್ಲಿಸರಿನ್ ಬೆರೆಸಿದ ಹೆಬ್ಬೆರಳಿನಷ್ಟು ಸೀಸೆಗಳಲ್ಲಿ, ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಬೇರ್ಪಡಿಸಿದ ಸಾವಿರಾರು ಜೀವಿಗಳು ನಿದ್ದೆ ಮಾಡುತ್ತಿರುತ್ತವೆ. ಪ್ರಕಟವಾದದ್ದು ಅದರಲ್ಲಿ ಸ್ವಲ್ಪ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದ ರಾತ್ರಿ ಜನರೇಟರ್ ಶುರುವಾಯಿತೇ ಎಂದು ಕಾವಲುಗಾರನಿಗೆ ಫೋನ್ ಮಾಡುವುದೂ ಪ್ರಾಧ್ಯಾಪಕರ ಕೆಲಸವೇ. ಸಂಶೋಧನಾ ಪ್ರಸ್ತಾವ, ಖರೀದಿ ಸಮಿತಿ, ಉತ್ತರಪತ್ರಿಕೆ, ಎರಡು ತರಗತಿ, ಮೂರು ಸಹಿ ಇವೆಲ್ಲದರ ನಡುವೆ. ಭಾವನ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ ಇದೇ.

ಉಪನ್ಯಾಸ ಮುಗಿದ ಮೇಲೆ ಭಾವ ನೇರವಾಗಿ ವೇದಿಕೆಯ ಬುಡಕ್ಕೆ ಹೋದರು. “ಮೇಡಂ, ನಮ್ಮಲ್ಲಿ ಎರಡು ಸಲ ಮದ್ದು ಹೊಡೆದರೂ ಈ ವರ್ಷ ಕೊಳೆ ನಿಲ್ಲಲಿಲ್ಲ” ಎಂದರು. ಪ್ರಾಧ್ಯಾಪಕಿ ಔಷಧ ಹೇಳಲಿಲ್ಲ. ಮೊದಲ ಮದ್ದಿಗೂ ಎರಡನೆಯದಕ್ಕೂ ಎಷ್ಟು ದಿನದ ಅಂತರ, ಸುಣ್ಣ ಹೊಸದೋ ಹಳೆಯದೋ, ಮದ್ದು ಕಲಸಿದ ದಿನವೇ ಹೊಡೆದಿರೋ ಎಂದು ಕೇಳಿದರು. ಆಮೇಲೆ, “ನನ್ನದು ಕೆಸರಿನ ವಿಷಯ, ಇದು ನನ್ನ ಸಹೋದ್ಯೋಗಿಯದು. ಈಗಷ್ಟೇ ರೋಗ ತಗುಲಿದ ನಾಲ್ಕು ಕಾಯಿ ಕಳುಹಿಸಿಕೊಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ, ಕಾಗದದಲ್ಲಿ ಸುತ್ತಿ” ಎಂದರು. ವಿಳಾಸ ಕೊಟ್ಟರು.

ಮುಂದಿನ ವಾರ ಭಾವನ ಮನೆಗೆ ಹೋದಾಗ ಕಟ್ಟು ಸಿದ್ಧವಾಗಿತ್ತು. ನಾಲ್ಕು ಕಾಯಿ, ನಾಲ್ಕು ಬೇರೆ ಬೇರೆ ಲಕೋಟೆ. ಪ್ರತಿಯೊಂದರ ಮೇಲೂ ತೋಟದ ಹೆಸರು, ಎಷ್ಟನೇ ಸಾಲಿನ ಮರ, ಕಾಯಿ ಉದುರಿದ ದಿನ, ಕೊಟ್ಟೆ ಕಟ್ಟಿತ್ತೇ ಇಲ್ಲವೇ ಎಂದು ಅಕ್ಕನ ಮಗಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಭಾವ ಈಗ ಎರಡು ದಿನಕ್ಕೊಮ್ಮೆ ನನಗೆ ಫೋನ್ ಮಾಡಿ, ಇನ್ನೂ ಏಕೆ ಉತ್ತರ ಬಂದಿಲ್ಲ ಎಂದು ಕೇಳುತ್ತಿದ್ದಾರೆ.